ಜೇಮ್ಸ್ ಆರ್ನೆಸ್: ಇಪ್ಪತ್ತು ವರ್ಷ ಒಂದೇ ಊರು ಕಾದ ಟೀವಿ ಮಾರ್ಷಲ್

ಮಗನ ಮನೆಗೋ ಮಗಳ ಬಾಣಂತನಕ್ಕೋ ಅಂತ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇರುವ ನಮ್ಮ ಹಿರಿಯರಿಗೆ ಹಗಲು ಹೊತ್ತಿನ ಟೀವಿಯಲ್ಲಿ ಒಬ್ಬ ಮನುಷ್ಯ ಸಿಕ್ಕೇ ಸಿಗುತ್ತಾನೆ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಎದೆಯ ಮೇಲೆ ಬ್ಯಾಡ್ಜ್, ಸೊಂಟದಲ್ಲಿ ಪಿಸ್ತೂಲು, ಮಾತು ಬಹಳ ಕಮ್ಮಿ. ಪಕ್ಕದ ಮನೆಯ ಅಮೆರಿಕನ್ ಅಜ್ಜನನ್ನು ಕೇಳಿದರೆ ಕಣ್ಣರಳಿಸಿ ಹೇಳುತ್ತಾರೆ, ಅವನು ಮ್ಯಾಟ್ ಡಿಲನ್, ಸೀರಿಯಲ್ ಹೆಸರು ಗನ್‌ಸ್ಮೋಕ್. ಆ ಪಾತ್ರ ಮಾಡಿದವರು ಜೇಮ್ಸ್ ಆರ್ನೆಸ್. 2011ರ ಜೂನ್ 3ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು, ಆಗ ವಯಸ್ಸು 88. ಆದರೂ ಅವರ ಸೀರಿಯಲ್ ಹಳೆಯ ಕಾರ್ಯಕ್ರಮಗಳ ಚಾನೆಲ್‌ಗಳಲ್ಲಿ, ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಇವತ್ತಿಗೂ ಓಡುತ್ತಲೇ ಇದೆ.

ಎಪ್ಪತ್ತು ವರ್ಷದ ಹಿಂದಿನ ಸೀರಿಯಲ್ಲನ್ನು ಜನ ಇನ್ನೂ ಯಾಕೆ ನೋಡುತ್ತಾರೆ? ಜಾಸ್ತಿ ಮಾತನಾಡದ, ಮುಖದಲ್ಲಿ ಹೆಚ್ಚೇನೂ ತೋರಿಸದ ಒಬ್ಬ ನಟನ ಮೇಲೆ ಇಷ್ಟೊಂದು ಪ್ರೀತಿ ಹೇಗೆ ಹುಟ್ಟಿತು? ಇದು ಅರ್ಥವಾಗಬೇಕಾದರೆ ಸ್ವಲ್ಪ ಇತಿಹಾಸ, ಸ್ವಲ್ಪ ಟೀವಿ ವ್ಯಾಪಾರ, ಜೊತೆಗೆ ಒಂದು ಗುಂಡೇಟಿನ ಕಥೆ, ಮೂರೂ ಗೊತ್ತಿರಬೇಕು.

ವೆಸ್ಟರ್ನ್ ಅಂದರೆ ಯಾವ ಕಾಲ, ಯಾವ ಜಾಗ?

ವೆಸ್ಟರ್ನ್ ಅನ್ನುವುದು ಅಮೆರಿಕದ ಒಂದು ಕಥಾ ಪ್ರಕಾರ. ಕುದುರೆ, ಟೋಪಿ, ಪಿಸ್ತೂಲು, ಧೂಳಿನ ಬೀದಿ ಇವೆಲ್ಲ ಅದರ ಹೊರಗಿನ ಗುರುತುಗಳು. ಒಳಗಿರುವ ಪ್ರಶ್ನೆ ಒಂದೇ: ಕಾನೂನು ಇನ್ನೂ ಗಟ್ಟಿಯಾಗಿ ಬೇರೂರದ ಊರಿನಲ್ಲಿ ಜನ ಹೇಗೆ ಬದುಕುತ್ತಾರೆ?

ಈ ಕಥೆಗಳು ನಡೆಯುವ ಕಾಲ ಬಹಳ ಚಿಕ್ಕದು. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಅದಕ್ಕೂ ಮುಂಚೆ, 1862ರಲ್ಲಿ, ಪಶ್ಚಿಮದ ಜಮೀನಿನಲ್ಲಿ ಐದು ವರ್ಷ ಇದ್ದು ಉತ್ತು ಬಿತ್ತಿದವರಿಗೆ 160 ಎಕರೆ ಕೊಡುವ ಕಾನೂನು ಬಂದಿತ್ತು. 1869ರಲ್ಲಿ ದೇಶದ ಪೂರ್ವವನ್ನೂ ಪಶ್ಚಿಮವನ್ನೂ ಜೋಡಿಸುವ ರೈಲು ಹಳಿ ಪೂರ್ತಿಯಾಯಿತು. ಜನ ಗಾಡಿ ಕಟ್ಟಿಕೊಂಡು, ರೈಲು ಹತ್ತಿ, ಪಶ್ಚಿಮಕ್ಕೆ ನುಗ್ಗಿದರು. ಅಲ್ಲಿ ಸಾವಿರಾರು ವರ್ಷದಿಂದ ಇದ್ದ ಮೂಲನಿವಾಸಿಗಳನ್ನು ಸೈನ್ಯ ಬಿಟ್ಟು, ಒಪ್ಪಂದ ಮುರಿದು, ಅವರ ನೆಲದಿಂದ ಓಡಿಸಿದರು. 1890ರ ಜನಗಣತಿ ಹೊತ್ತಿಗೆ ಜನ ನೆಲೆಸದ ಗಡಿ ಅನ್ನುವಂಥದ್ದು ಇನ್ನು ಉಳಿದಿಲ್ಲ ಅಂತ ಸರ್ಕಾರವೇ ಹೇಳಿತು. ಅಂದರೆ ಹೆಚ್ಚೂಕಮ್ಮಿ ಇಪ್ಪತ್ತೈದು ವರ್ಷದ ಕಥೆ ಇದು, ಅದನ್ನೇ ಸಿನಿಮಾ ಮತ್ತು ಟೀವಿಯವರು ನೂರು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ.

ಡಾಡ್ಜ್ ಸಿಟಿ ನಿಜವಾಗಿಯೂ ಇತ್ತಾ?

ಇತ್ತು, ಈಗಲೂ ಇದೆ, ಕಾನ್ಸಾಸ್ ರಾಜ್ಯದಲ್ಲಿ. ಗನ್‌ಸ್ಮೋಕ್ ಕಥೆ ನಡೆಯುವುದು ಅಲ್ಲೇ.

ಊರು ಹುಟ್ಟಿದ್ದು 1872ರಲ್ಲಿ, ರೈಲು ಬಂದ ವರ್ಷ. ಮೊದಲು ಅಲ್ಲಿ ನಡೆಯುತ್ತಿದ್ದದ್ದು ಕಾಡೆಮ್ಮೆಯ ಚರ್ಮದ ವ್ಯಾಪಾರ. ಕೆಲವೇ ವರ್ಷದಲ್ಲಿ ಕಾಡೆಮ್ಮೆಗಳನ್ನು ಕೊಂದು ಮುಗಿಸಿದರು. ಆಮೇಲೆ ದನದ ವ್ಯಾಪಾರ ಬಂತು. ಟೆಕ್ಸಾಸ್‌ನಲ್ಲಿ ಉದ್ದ ಕೊಂಬಿನ ದನ ಲಕ್ಷಗಟ್ಟಲೆ ಇದ್ದವು, ಆದರೆ ಕೊಳ್ಳುವವರು ಇದ್ದದ್ದು ಪೂರ್ವದ ನಗರಗಳಲ್ಲಿ. ಹಾಗಾಗಿ ಕೌಬಾಯ್‌ಗಳು ಮಂದೆಯನ್ನು ನೂರಾರು ಮೈಲಿ ಉತ್ತರಕ್ಕೆ ಹೊಡೆದುಕೊಂಡು ಬಂದು ಕಾನ್ಸಾಸ್‌ನ ಯಾವುದಾದರೂ ರೈಲು ನಿಲ್ದಾಣದಲ್ಲಿ ಗೂಡ್ಸ್ ಗಾಡಿಗೆ ಹತ್ತಿಸುತ್ತಿದ್ದರು. ಕೌಬಾಯ್ ಅಂದರೆ ಸಂಬಳಕ್ಕೆ ದನ ಕಾಯುವ ಕೆಲಸಗಾರ, ಅಷ್ಟೇ. ತಿಂಗಳುಗಟ್ಟಲೆ ಧೂಳು, ಬಿಸಿಲು, ನಿದ್ದೆಗೆಟ್ಟ ರಾತ್ರಿ, ಕೊನೆಗೆ ಒಟ್ಟಿಗೆ ಕೈಗೆ ಸಿಗುವ ಸಂಬಳ. ಇಪ್ಪತ್ತರ ವಯಸ್ಸಿನ ಹುಡುಗರು ಜೇಬು ತುಂಬಾ ದುಡ್ಡಿಟ್ಟುಕೊಂಡು ಹೆಂಡದಂಗಡಿ, ಜೂಜಿನ ಮೇಜು ತುಂಬಿದ ಬೀದಿಗೆ ಬಂದಿಳಿದರೆ ಏನಾಗುತ್ತದೆ? ಅದೇ ಆಯಿತು.

ಆದರೆ ಟೀವಿ ತೋರಿಸುವಷ್ಟು ಹೆಣ ಬೀಳುತ್ತಿರಲಿಲ್ಲ. ಡಾಡ್ಜ್ ಸಿಟಿ ಸೇರಿ ಕಾನ್ಸಾಸ್‌ನ ಐದು ದನದ ಪೇಟೆಗಳಲ್ಲಿ 1870ರಿಂದ 1885ರವರೆಗೆ ನಡೆದ ಕೊಲೆಗಳನ್ನು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಸಿಕ್ಕ ಸಂಖ್ಯೆ 45. ಹದಿನೈದು ವರ್ಷಕ್ಕೆ, ಐದೂ ಊರು ಸೇರಿ! ಡಾಡ್ಜ್‌ನಲ್ಲಿ ರೈಲು ಹಳಿಯಿಂದ ಉತ್ತರಕ್ಕೆ ಪಿಸ್ತೂಲು ಹಿಡಿದು ಓಡಾಡುವುದೇ ನಿಷೇಧ ಆಗಿತ್ತು. ವ್ಯಾಪಾರಿಗಳಿಗೆ ಗಿರಾಕಿ ಬೇಕಿತ್ತು, ಹೆಣ ಬೇಕಿರಲಿಲ್ಲ. ಕೊನೆಗೆ ಆ ಪೇಟೆಯನ್ನು ಮುಗಿಸಿದ್ದು ಗುಂಡಲ್ಲ, ರಕ್ತ ಹೀರುವ ಉಣ್ಣೆ ಹುಳ. ಟೆಕ್ಸಾಸ್ ದನದ ಮೈಮೇಲಿನ ಉಣ್ಣೆಯಿಂದ ಸ್ಥಳೀಯ ದನಗಳಿಗೆ ಜ್ವರ ಬಂದು ಸಾಯುತ್ತಿದ್ದವು ಅಂತ 1885ರಲ್ಲಿ ಕಾನ್ಸಾಸ್ ಸರ್ಕಾರ ಆ ಮಂದೆಗಳಿಗೆ ಬಾಗಿಲು ಹಾಕಿತು.

ಮಾರ್ಷಲ್ ಬೇರೆ, ಶೆರಿಫ್ ಬೇರೆ

ಹೊಸದಾಗಿ ನೋಡುವವರಿಗೆ ಇಲ್ಲಿ ಗೊಂದಲ ಆಗುತ್ತದೆ. ಮೂರು ಹುದ್ದೆಗಳಿವೆ. ಊರಿನ ಆಡಳಿತ ನೇಮಿಸುವವನು ಟೌನ್ ಮಾರ್ಷಲ್. ಕೌಂಟಿಯ ಜನ ಓಟು ಹಾಕಿ ಆರಿಸುವವನು ಶೆರಿಫ್. ಕೌಂಟಿ ಅಂದರೆ ಹೆಚ್ಚೂಕಮ್ಮಿ ಒಂದು ತಾಲ್ಲೂಕಿನಷ್ಟೋ ಜಿಲ್ಲೆಯಷ್ಟೋ ಇರುವ ಪ್ರದೇಶ. ಇನ್ನು ದೇಶದ ಅಧ್ಯಕ್ಷರು ನೇಮಿಸುವವನು ಯು.ಎಸ್. ಮಾರ್ಷಲ್, ಅವನು ಕೇಂದ್ರ ಸರ್ಕಾರದ ಅಧಿಕಾರಿ. ನಿಜವಾದ ಡಾಡ್ಜ್ ಸಿಟಿಯಲ್ಲಿ ವಯಾಟ್ ಅರ್ಪ್ ಅನ್ನುವಾತ ಊರಿನ ಸಹಾಯಕ ಮಾರ್ಷಲ್ ಆಗಿದ್ದ, ಬ್ಯಾಟ್ ಮಾಸ್ಟರ್‌ಸನ್ 1877ರಲ್ಲಿ ಅದೇ ಕೌಂಟಿಯ ಶೆರಿಫ್ ಆಗಿ ಗೆದ್ದಿದ್ದ.

ಗನ್‌ಸ್ಮೋಕ್‌ನ ಮ್ಯಾಟ್ ಡಿಲನ್ ಯು.ಎಸ್. ಮಾರ್ಷಲ್. ಅವನು ಕಲ್ಪನೆಯ ಪಾತ್ರ, ಆ ಹೆಸರಿನವನು ಡಾಡ್ಜ್‌ನಲ್ಲಿ ಇರಲಿಲ್ಲ. ನಿಜ ಜೀವನದಲ್ಲಿ ಯು.ಎಸ್. ಮಾರ್ಷಲ್ ಇಡೀ ಒಂದು ದೊಡ್ಡ ಪ್ರಾಂತ್ಯಕ್ಕೆ ಒಬ್ಬ, ಊರೂರು ತಿರುಗುವ ಕೆಲಸ ಅವನ ಕೈಕೆಳಗಿನವರದ್ದು. ಅಂಥವನು ಒಂದೇ ಊರಿನ ಬೀದಿಯಲ್ಲಿ ಇಪ್ಪತ್ತು ವರ್ಷ ಓಡಾಡಿಕೊಂಡು ಇದ್ದ ಅನ್ನುವುದು ಟೀವಿಯವರ ಅನುಕೂಲ. ಕಥೆಗಾರರಿಗೆ ಅವನು ಊರಲ್ಲೂ ಇರಬೇಕಿತ್ತು, ಊರ ಹೊರಗೆ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ಅಧಿಕಾರವೂ ಬೇಕಿತ್ತು.

ಮೊದಲು ರೇಡಿಯೋ, ಆಮೇಲೆ ಟೀವಿ

ಗನ್‌ಸ್ಮೋಕ್ ಹುಟ್ಟಿದ್ದು ರೇಡಿಯೋದಲ್ಲಿ, 1952ರ ಏಪ್ರಿಲ್‌ನಲ್ಲಿ. ನಿರ್ಮಾಪಕ ನಾರ್ಮನ್ ಮ್ಯಾಕ್‌ಡೊನೆಲ್, ಬರಹಗಾರ ಜಾನ್ ಮೆಸ್ಟನ್ ಸೇರಿ ಕಟ್ಟಿದ ನಾಟಕ ಅದು. ಅಲ್ಲಿಯವರೆಗೆ ರೇಡಿಯೋ, ಟೀವಿಯ ವೆಸ್ಟರ್ನ್ ಅಂದರೆ ಹೆಚ್ಚಾಗಿ ಮಕ್ಕಳಿಗೆ. ಮುಖವಾಡ ಹಾಕಿದ ಲೋನ್ ರೇಂಜರ್, ಹಾಡು ಹೇಳುವ ರಾಯ್ ರೋಜರ್ಸ್, ಹೀಗೆ. ಒಳ್ಳೆಯವನು ಗೆಲ್ಲುತ್ತಾನೆ, ಟೋಪಿ ಸಹ ಕೆಳಗೆ ಬೀಳುವುದಿಲ್ಲ. ಮೆಸ್ಟನ್‌ಗೆ ಇದು ಹಿಡಿಸುತ್ತಿರಲಿಲ್ಲ. ಅವರು ಬರೆದ ಡಾಡ್ಜ್‌ನಲ್ಲಿ ಬಡತನ ಇತ್ತು, ಹೆಂಡತಿಗೆ ಹೊಡೆಯುವ ಗಂಡಂದಿರು ಇದ್ದರು, ತಪ್ಪು ಮನುಷ್ಯನನ್ನು ನೇಣಿಗೆ ಹಾಕಲು ಓಡುವ ಗುಂಪು ಇತ್ತು. ಎಷ್ಟೋ ಕಂತುಗಳು ನ್ಯಾಯ ಸಿಗದೆಯೇ ಮುಗಿಯುತ್ತಿದ್ದವು.

ರೇಡಿಯೋದಲ್ಲಿ ಡಿಲನ್‌ಗೆ ದನಿ ಕೊಟ್ಟವರು ವಿಲಿಯಂ ಕಾನ್ರಾಡ್. ಅದ್ಭುತ ಕಂಠ. ಆದರೆ ಮೈ ದಪ್ಪ. ಟೀವಿಗೆ ತರುವಾಗ ಸಿಬಿಎಸ್ ಸಂಸ್ಥೆ ರೇಡಿಯೋದ ಮುಖ್ಯ ಕಲಾವಿದರನ್ನು ಯಾರನ್ನೂ ತೆಗೆದುಕೊಳ್ಳಲಿಲ್ಲ. ಪಾಪ, ರೇಡಿಯೋದವರು ಟೀವಿ ಶುರುವಾದ ಮೇಲೂ 1961ರವರೆಗೆ ತಮ್ಮ ಪಾಡಿಗೆ ತಾವು ಅದೇ ಪಾತ್ರಗಳನ್ನು ಮಾಡುತ್ತಲೇ ಇದ್ದರು.

ಆಗಿನ ಟೀವಿ ಹೇಗಿತ್ತು ಅಂತಲೂ ಸ್ವಲ್ಪ ನೋಡೋಣ. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಒಂಬತ್ತರಲ್ಲಿ ಮಾತ್ರ ಟೀವಿ ಇತ್ತು. 1960ಕ್ಕೆ ಅದು ಎಂಬತ್ತೇಳರ ಹತ್ತಿರ ಬಂತು. ಇಡೀ ದೇಶಕ್ಕೆ ಮೂರು ದೊಡ್ಡ ಸಂಸ್ಥೆಗಳು: ಸಿಬಿಎಸ್, ಎನ್‌ಬಿಸಿ, ಎಬಿಸಿ. ಒಂದು ಕಾರ್ಯಕ್ರಮ ಹಿಟ್ ಆದರೆ ದೇಶದ ದೊಡ್ಡ ಪಾಲು ಒಂದೇ ಹೊತ್ತಿಗೆ ಅದನ್ನೇ ನೋಡುತ್ತಿತ್ತು. ಇವತ್ತಿನ ನೂರಾರು ಚಾನೆಲ್ ಕಾಲದಲ್ಲಿ ಆ ತರಹದ ಪರಿಚಯ ಯಾವ ನಟನಿಗೂ ಸಿಗುವುದು ಕಷ್ಟ. 1955ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ದೊಡ್ಡವರಿಗಾಗಿ ಮಾಡಿದ ಮೂರು ವೆಸ್ಟರ್ನ್‌ಗಳು ಶುರುವಾದವು: ವಯಾಟ್ ಅರ್ಪ್ ಕಥೆ, ಶೈಯೆನ್, ಮತ್ತು ಸೆಪ್ಟೆಂಬರ್ 10ರಂದು ಗನ್‌ಸ್ಮೋಕ್.

ಆರ್ನೆಸ್ ಎಲ್ಲಿಂದ ಬಂದರು

ಹುಟ್ಟಿದ್ದು 1923ರ ಮೇ 26ರಂದು, ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ನಾರ್ವೆ ಮೂಲದ ಮನೆತನ. ತಮ್ಮ ಪೀಟರ್ ಗ್ರೇವ್ಸ್ ಕೂಡ ನಟ, ಮಿಷನ್ ಇಂಪಾಸಿಬಲ್ ಟೀವಿ ಸರಣಿಯ ಮುಖ್ಯಸ್ಥನ ಪಾತ್ರದಿಂದ ಹೆಸರಾದವರು. ಬೇರೆ ಬೇರೆ ಅಡ್ಡಹೆಸರು ಇಟ್ಟುಕೊಂಡದ್ದರಿಂದ ಇಬ್ಬರೂ ಅಣ್ಣತಮ್ಮ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಆರ್ನೆಸ್ ಎತ್ತರ ಆರಡಿ ಏಳಿಂಚು, ಎರಡು ಮೀಟರ್! ಹುಡುಗನಾಗಿದ್ದಾಗ ನೌಕಾದಳದ ಪೈಲಟ್ ಆಗುವ ಆಸೆ ಇತ್ತು, ಎತ್ತರವೇ ಅಡ್ಡ ಬಂತು. ಎರಡನೇ ಮಹಾಯುದ್ಧದಲ್ಲಿ ಕಾಲಾಳು ಪಡೆಗೆ ಸೇರಿದರು. 1944ರ ಜನವರಿಯಲ್ಲಿ ಇಟಲಿಯ ಆಂಜಿಯೋ ಕಡಲತೀರಕ್ಕೆ ಅವರ ತುಕಡಿ ದೋಣಿಯಲ್ಲಿ ಬಂದಿಳಿಯಿತು. ನೀರು ಎಷ್ಟು ಆಳ ಇದೆ ಅಂತ ತಿಳಿಯಲು ಮೊದಲು ಇಳಿಸಿದ್ದು ಇವರನ್ನೇ, ಎಲ್ಲರಿಗಿಂತ ಎತ್ತರ ಅಂತ. ಇವರಿಗೆ ಸೊಂಟದವರೆಗೆ ಬಂತು. ಅಲ್ಲೇ ಮುಂದೆ ಬಲಗಾಲಿಗೆ ಮೆಷಿನ್ ಗನ್ನಿನ ಗುಂಡು ಬಿದ್ದು ಮೂಳೆ ಪುಡಿಯಾಯಿತು. ತಿಂಗಳುಗಟ್ಟಲೆ ಆಸ್ಪತ್ರೆ, ಹಲವು ಆಪರೇಷನ್. ಪದಕಗಳು ಬಂದವು. ಕಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಬದುಕಿನುದ್ದಕ್ಕೂ ನೋವು ಇತ್ತು, ವಯಸ್ಸಾದಂತೆ ಕುದುರೆ ಹತ್ತುವುದೇ ಕಷ್ಟವಾಯಿತು.

ವಾಪಸ್ ಬಂದ ಮೇಲೆ ಊರಿನ ರೇಡಿಯೋದಲ್ಲಿ ಸ್ವಲ್ಪ ದಿನ ಕೆಲಸ, ಆಮೇಲೆ ಹಾಲಿವುಡ್. 1947ರಲ್ಲಿ ಮೊದಲ ಸಿನಿಮಾ. ಸಿಕ್ಕಿದ್ದೆಲ್ಲ ಚಿಕ್ಕ ಪಾತ್ರಗಳು, ಯಾಕೆಂದರೆ ಪಕ್ಕದಲ್ಲಿ ನಿಂತರೆ ಹೀರೋ ಕುಳ್ಳನಾಗಿ ಕಾಣುತ್ತಾನೆ. 1951ರ ಒಂದು ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಬೇರೆ ಗ್ರಹದಿಂದ ಬಂದ ರಾಕ್ಷಸನ ವೇಷ, ಮುಖ ಕೂಡ ಗುರುತು ಸಿಗುವುದಿಲ್ಲ. ಅವರನ್ನು ಎತ್ತಿ ಹಿಡಿದವರು ಆಗಿನ ಕಾಲದ ಅತಿ ದೊಡ್ಡ ವೆಸ್ಟರ್ನ್ ತಾರೆ ಜಾನ್ ವೇನ್. ಅವರೂ ಎತ್ತರದ ಮನುಷ್ಯ, ಪಕ್ಕದಲ್ಲಿ ಆರ್ನೆಸ್ ನಿಂತರೆ ಚಿಂತೆ ಇರಲಿಲ್ಲ. ತಮ್ಮ ಕಂಪನಿಯ ಕರಾರಿನಲ್ಲಿಟ್ಟುಕೊಂಡು ಜೊತೆಗೆ ಸಿನಿಮಾ ಮಾಡಿಸಿದರು. ಗನ್‌ಸ್ಮೋಕ್ ಮೊದಲ ಕಂತಿನ ಶುರುವಿನಲ್ಲಿ ವೇನ್ ಖುದ್ದಾಗಿ ಕ್ಯಾಮೆರಾ ಮುಂದೆ ಬಂದು ಈ ಹುಡುಗ ಮುಂದೆ ದೊಡ್ಡ ತಾರೆ ಆಗುತ್ತಾನೆ ಅನ್ನುವ ಅರ್ಥದ ಮಾತಾಡಿ ಪರಿಚಯ ಮಾಡಿಕೊಟ್ಟರು. ಆ ಪಾತ್ರ ಮೊದಲು ವೇನ್‌ಗೇ ಬಂದಿತ್ತು ಅನ್ನುವ ಕಥೆಯೂ ಓಡಾಡುತ್ತದೆ, ಕೆಲಸ ಮಾಡಿದವರಲ್ಲೇ ಕೆಲವರು ಅದನ್ನು ಅಲ್ಲಗಳೆದಿದ್ದಾರೆ. ಸುಮ್ನೆ ನಂಬಬೇಕಾಗಿಲ್ಲ.

ಡಿಲನ್‌ನಲ್ಲಿ ಜನ ಕಂಡದ್ದೇನು

ಮೊದಲ ಕಂತನ್ನೇ ತೆಗೆದುಕೊಳ್ಳಿ. ಡಾಡ್ಜ್‌ಗೆ ಒಬ್ಬ ಕೊಲೆಗಾರ ಬರುತ್ತಾನೆ, ಡಿಲನ್ ಅವನನ್ನು ಎದುರಿಸುತ್ತಾನೆ, ಮತ್ತು ಸೋಲುತ್ತಾನೆ. ಗುಂಡು ತಿಂದು ಬೀದಿಯಲ್ಲಿ ಬೀಳುತ್ತಾನೆ. ಹಾಸಿಗೆಯಲ್ಲಿ ಮಲಗಿ ಯೋಚನೆ ಮಾಡುತ್ತಾನೆ: ಅವನ ಕೈ ನನಗಿಂತ ಚುರುಕು, ಆದರೆ ಗುರಿ ಕೆಟ್ಟದು, ಅದಕ್ಕೇ ಯಾವಾಗಲೂ ಹತ್ತಿರ ಬಂದು ಹೊಡೆಯುತ್ತಾನೆ. ಮುಂದಿನ ಸಲ ಅವನನ್ನು ಹತ್ತಿರ ಬರಲು ಬಿಡುವುದಿಲ್ಲ. ಹೊಸ ಸೀರಿಯಲ್ಲಿನ ಮೊದಲ ರಾತ್ರಿಯೇ ಹೀರೋ ಮಣ್ಣು ಮುಕ್ಕುವುದು 1955ರಲ್ಲಿ ದೊಡ್ಡ ಧೈರ್ಯ.

ಆರಂಭದ ವರ್ಷಗಳಲ್ಲಿ ಕಂತು ಶುರುವಾಗುತ್ತಿದ್ದ ಜಾಗ ಇನ್ನೂ ವಿಚಿತ್ರ. ಊರ ಹೊರಗಿನ ಬೂಟ್ ಹಿಲ್ ಅನ್ನುವ ಸ್ಮಶಾನ. ಅಲ್ಲಿ ಡಿಲನ್ ಒಬ್ಬನೇ ಓಡಾಡುತ್ತಾ, ಇಲ್ಲಿ ಮಲಗಿರುವವರು ಯಾಕೆ ಸತ್ತರು ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಕೊಲ್ಲುವುದು ಅವನಿಗೆ ಕೆಲಸ, ಖುಷಿ ಅಲ್ಲ. ಆರ್ನೆಸ್ ಇದನ್ನು ಮಾತಿನಲ್ಲಿ ತೋರಿಸುವುದೇ ಇಲ್ಲ. ಗುಂಡು ಹಾರಿಸಿದ ಮೇಲೆ ಒಂದು ಕ್ಷಣ ನಿಲ್ಲುತ್ತಾರೆ, ಭುಜ ಸ್ವಲ್ಪ ಇಳಿಯುತ್ತದೆ, ತಿರುಗಿ ನಡೆಯುತ್ತಾರೆ. ನನ್ನ ಪ್ರಕಾರ ಅವರ ನಟನೆಯ ಗುಟ್ಟು ಅಲ್ಲೇ ಇದೆ. ನಿಜವಾದ ಗುಂಡೇಟು ತಿಂದವರು ಅವರು, ಗುಂಡು ಏನು ಮಾಡುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋಡುವವರಲ್ಲೂ ಯುದ್ಧದಿಂದ ವಾಪಸ್ ಬಂದ ಗಂಡಸರು ಲಕ್ಷಾಂತರ ಇದ್ದರು, ಆ ಸುಸ್ತು ಅವರಿಗೆ ತಕ್ಷಣ ಗುರುತು ಸಿಕ್ಕಿರಬೇಕು.

ಇನ್ನೊಂದು ತಮಾಷೆ ನೋಡಿ. ಸೀರಿಯಲ್ಲಿನಲ್ಲಿ ಕುಂಟುವುದು ಡಿಲನ್ ಅಲ್ಲ, ಅವನ ಸಹಾಯಕ ಚೆಸ್ಟರ್. ಆ ಪಾತ್ರ ಮಾಡಿದ ಡೆನಿಸ್ ವೀವರ್ 1948ರ ಒಲಿಂಪಿಕ್ಸ್‌ಗೆ ಅಮೆರಿಕ ತಂಡ ಆರಿಸುವ ಡೆಕಾಥ್ಲಾನ್ (ಓಟ, ಜಿಗಿತ, ಎಸೆತ ಸೇರಿ ಹತ್ತು ಆಟ) ಸ್ಪರ್ಧೆಯಲ್ಲಿ ಆರನೇ ಸ್ಥಾನ ಪಡೆದಿದ್ದ ಗಟ್ಟಿ ಆಳು. ಕಾಲು ಚೆನ್ನಾಗಿದ್ದವನು ಕುಂಟಿದ, ಕಾಲು ನೋಯುತ್ತಿದ್ದವರು ನೆಟ್ಟಗೆ ನಡೆದರು.

ಆರ್ನೆಸ್ ಒಬ್ಬರಿಂದಲೇ ಇದು ಆಗಲಿಲ್ಲ. ಡಾಕ್ಟರ್ ಆಡಮ್ಸ್ ಪಾತ್ರದಲ್ಲಿ ಮಿಲ್‌ಬರ್ನ್ ಸ್ಟೋನ್ ಇದ್ದರು, ಬಾಯಿ ಗೊಣಗಾಟ, ಮನಸ್ಸು ಬೆಣ್ಣೆ. ಹೆಂಡದಂಗಡಿ ನಡೆಸುವ ಕಿಟ್ಟಿ ಪಾತ್ರದಲ್ಲಿ ಅಮಾಂಡಾ ಬ್ಲೇಕ್ 19 ಸೀಸನ್ ಇದ್ದರು. ಚೆಸ್ಟರ್ 1964ರಲ್ಲಿ ಬಿಟ್ಟ ಮೇಲೆ ಕೆನ್ ಕರ್ಟಿಸ್ ಮಾಡಿದ ಫೆಸ್ಟಸ್ ಬಂದ, ಓದು ಬರಹ ಬಾರದ, ಬುದ್ಧಿ ಮಾತ್ರ ಚುರುಕಾದ ಬೆಟ್ಟದ ಮನುಷ್ಯ. ಡಿಲನ್‌ಗೂ ಕಿಟ್ಟಿಗೂ ನಡುವೆ ಪ್ರೀತಿ ಇದೆ ಅಂತ ಊರಿಗೆಲ್ಲ ಗೊತ್ತು, ಮದುವೆ ಮಾತ್ರ ಆಗಲೇ ಇಲ್ಲ. ಇವತ್ತು ಬದುಕಿರುತ್ತೇನೋ ನಾಳೆ ಇರುತ್ತೇನೋ ಅನ್ನುವವನು ಮದುವೆ ಆಗಬಾರದು ಅನ್ನುವುದು ಅವನ ಲೆಕ್ಕ. ಹೀಗೆ ಇಪ್ಪತ್ತು ವರ್ಷ ಎಳೆದರು ಮಾರಾಯ್ರೆ!

ನಂಬರ್ ಒನ್ ಅಂತ ಹೇಗೆ ಗೊತ್ತಾಗುತ್ತಿತ್ತು?

ನೀಲ್ಸನ್ ಅನ್ನುವ ಕಂಪನಿ ಇದನ್ನು ಅಳೆಯುತ್ತಿತ್ತು. ದೇಶದ ಬೇರೆ ಬೇರೆ ಕಡೆಯ ಒಂದು ಸಾವಿರದ ಚಿಲ್ಲರೆ ಮನೆಗಳನ್ನು ಆರಿಸಿ, ಅಲ್ಲಿನ ಟೀವಿಗೆ ಒಂದು ಯಂತ್ರ ಜೋಡಿಸಿ, ಯಾವ ಹೊತ್ತಿಗೆ ಯಾವ ಚಾನೆಲ್ ಓಡುತ್ತಿದೆ ಅಂತ ದಾಖಲು ಮಾಡುವುದು. ಕೋಟಿಗಟ್ಟಲೆ ಮನೆಗಳ ಲೆಕ್ಕ ಇಷ್ಟರಿಂದ ಹೇಗೆ ಸಾಧ್ಯ ಅಂದರೆ, ಅನ್ನ ಬೆಂದಿದೆಯಾ ಅಂತ ನೋಡಲು ಪಾತ್ರೆಯೆಲ್ಲ ಹಿಸುಕುವುದಿಲ್ಲ, ಒಂದೆರಡು ಅಗುಳು ಸಾಕು, ಅಲ್ವಾ? ಅಗುಳು ಬೇರೆ ಬೇರೆ ಕಡೆಯಿಂದ ತೆಗೆದಿರಬೇಕು, ಅಷ್ಟೇ. ಈ ಅಂಕಿ ನೋಡಿಯೇ ಜಾಹೀರಾತಿನವರು ದುಡ್ಡು ಕೊಡುತ್ತಿದ್ದರು. ಗನ್‌ಸ್ಮೋಕ್‌ನ ಮೊದಲ ವರ್ಷಗಳ ಪ್ರಾಯೋಜಕರು ಒಂದು ಸಿಗರೇಟ್ ಕಂಪನಿ.

1957ರಿಂದ 1961ರವರೆಗೆ ಸತತ ನಾಲ್ಕು ಸೀಸನ್ ಗನ್‌ಸ್ಮೋಕ್ ದೇಶಕ್ಕೇ ಮೊದಲು. 1958–59ರ ಸೀಸನ್‌ನಲ್ಲಂತೂ ಮೊದಲ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್! ಇಷ್ಟೊಂದು ಯಾಕೆ ಅಂದರೆ ಖರ್ಚು ಕಮ್ಮಿ. ಸಿನಿಮಾ ಸ್ಟುಡಿಯೋಗಳಲ್ಲಿ ಹಳೆಯ ಬೀದಿಯ ಸೆಟ್ ನಿಂತೇ ಇತ್ತು. ಬಟ್ಟೆ, ಬಂದೂಕು, ಕುದುರೆ, ಕುದುರೆಯಿಂದ ಬೀಳಲು ಗೊತ್ತಿದ್ದ ಸಾಹಸಿಗರು ಎಲ್ಲ ರೆಡಿ ಇದ್ದರು. ಗನ್‌ಸ್ಮೋಕ್ ಒಂದು ಸೀಸನ್‌ಗೆ 39 ಕಂತು ಮಾಡುತ್ತಿತ್ತು, ಅಂದರೆ ವರ್ಷದ ಮುಕ್ಕಾಲು ಭಾಗ ಪ್ರತಿ ಶನಿವಾರ ರಾತ್ರಿ ಆರ್ನೆಸ್ ಮನೆಗೆ ಬರುತ್ತಿದ್ದರು.

ಆಮೇಲೆ ಜನ ಕಮ್ಮಿಯಾದರು. 1967ರಲ್ಲಿ ಸಿಬಿಎಸ್ ಅಧಿಕಾರಿಗಳು ಇದನ್ನು ನಿಲ್ಲಿಸುವ ತೀರ್ಮಾನ ಮಾಡಿಯೇ ಬಿಟ್ಟಿದ್ದರು. ಸಂಸ್ಥೆಯ ಒಡೆಯ ವಿಲಿಯಂ ಪೇಲಿಗೆ ಈ ಸೀರಿಯಲ್ ಅಂದರೆ ಪ್ರಾಣ. ಅವರು ತೀರ್ಮಾನ ತಿರುಗಿಸಿದರು. ಜಾಗ ಮಾಡಿಕೊಡಲು ಗಿಲಿಗನ್ಸ್ ಐಲ್ಯಾಂಡ್ ಅನ್ನುವ ಹಾಸ್ಯ ಸೀರಿಯಲ್ಲನ್ನು ತೆಗೆದು ಹಾಕಿದರು. ಶನಿವಾರ ತಡರಾತ್ರಿಯಿಂದ ಸೋಮವಾರ ಸಂಜೆಗೆ ಬದಲಾಯಿಸಿದ್ದೇ ತಡ, ಮುಂದಿನ ಸೀಸನ್‌ನಲ್ಲೇ ಮತ್ತೆ ಮೊದಲ ಐದರೊಳಗೆ ಬಂತು. ಕಥೆ ಅದೇ, ನಟ ಅದೇ, ಬದಲಾದದ್ದು ಮುಖ್ಯವಾಗಿ ಹೊತ್ತು. ಮಕ್ಕಳು ಮಲಗುವ ಮುಂಚೆ ಬಂದರೆ ಹೊಸ ನೋಡುಗರು ಸಿಗುತ್ತಾರೆ.

ಹಾಗಾದರೆ ನಿಂತದ್ದು ಯಾಕೆ?

ಒಂದೇ ಕಾರಣ ಇಲ್ಲ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರ ಹತ್ಯೆ ಆದ ಮೇಲೆ ಟೀವಿಯಲ್ಲಿ ಗುಂಡು ಹಾರಿಸುವುದರ ಬಗ್ಗೆ ದೊಡ್ಡ ಚರ್ಚೆ ಎದ್ದಿತು. ಜಾಹೀರಾತಿನವರು ಎಷ್ಟು ಜನ ನೋಡುತ್ತಾರೆ ಅನ್ನುವುದಕ್ಕಿಂತ ಯಾರು ನೋಡುತ್ತಾರೆ ಅಂತ ಕೇಳಲು ಶುರು ಮಾಡಿದರು. ಅವರಿಗೆ ಬೇಕಿದ್ದದ್ದು ನಗರದ ಯುವಕರು, ದುಡ್ಡು ಖರ್ಚು ಮಾಡುವವರು. ಹಳ್ಳಿಯ ಕಥೆಗಳನ್ನು, ವಯಸ್ಸಾದವರು ನೋಡುವ ಕಾರ್ಯಕ್ರಮಗಳನ್ನು 1971ರ ಸುತ್ತ ಸಿಬಿಎಸ್ ಒಂದೊಂದಾಗಿ ಕಿತ್ತು ಹಾಕಿತು. ಗನ್‌ಸ್ಮೋಕ್ ಆಗ ಬಚಾವಾಯಿತು. ನಗರದ ಪೊಲೀಸ್ ಕಥೆಗಳು ಬಂದವು, ಕುದುರೆ ಹೋಗಿ ಕಾರು ಬಂತು.

ಕೊನೆಯ ಹೊಸ ಕಂತು ಬಂದದ್ದು 1975ರ ಮಾರ್ಚ್ 31ರಂದು. ಆಗಲೂ ಮೊದಲ ಮೂವತ್ತರೊಳಗೇ ಇತ್ತು. ಮುಂದಿನ ವರ್ಷವೂ ಇರುತ್ತದೆ ಅಂದುಕೊಂಡಿದ್ದ ಆರ್ನೆಸ್‌ಗೂ ತಂಡಕ್ಕೂ ಮೊದಲೇ ಯಾರೂ ಹೇಳಲಿಲ್ಲ. ಹಾಗಾಗಿ ಕಥೆಗೆ ಮುಕ್ತಾಯದ ಕಂತೇ ಇಲ್ಲ, ಸುಮ್ಮನೆ ನಿಂತು ಹೋಯಿತು. ಒಟ್ಟು 20 ಸೀಸನ್, 635 ಕಂತು. ಕಂತುಗಳ ಈ ದಾಖಲೆಯನ್ನು ಮುರಿಯಲು ದಿ ಸಿಂಪ್ಸನ್ಸ್ ಕಾರ್ಟೂನಿಗೆ 2018ರವರೆಗೆ ಕಾಯಬೇಕಾಯಿತು.

ಅದೇ 1975ರ ಆಗಸ್ಟ್ 15ಕ್ಕೆ ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಶೋಲೆ ಬಿಡುಗಡೆ ಆಯಿತು. ಕುದುರೆ ಮೇಲೆ ಬರುವ ದರೋಡೆಕೋರರು, ರೈಲಿನ ಮೇಲೆ ಗುಂಡಿನ ಕಾಳಗ, ಕಾನೂನಿನ ಕೈ ಎಟುಕದ ಹಳ್ಳಿ, ಎಲ್ಲ ವೆಸ್ಟರ್ನ್ ಸಾಮಾನೇ. ಆದರೆ ಅದು ನಮ್ಮಲ್ಲಿಗೆ ಬಂದದ್ದು ಸಿನಿಮಾ ಟಾಕೀಸಿನ ದಾರಿಯಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಅದಕ್ಕೇ ಹಾಲಿವುಡ್ ಸಿನಿಮಾದ ವೆಸ್ಟರ್ನ್ ಹೀರೋಗಳು ನಮ್ಮ ಹಿರಿಯರಿಗೆ ಗೊತ್ತು, ಆರ್ನೆಸ್ ಗೊತ್ತಿಲ್ಲ.

ತೆರೆಯಲ್ಲಿ ಕಾಣದವರು

ಈ ಸೀರಿಯಲ್ಲುಗಳನ್ನು ಇವತ್ತು ನೋಡುವಾಗ ಕಣ್ಣಿಗೆ ಚುಚ್ಚುವ ಒಂದು ವಿಷಯ ಇದೆ. ನಿಜವಾದ ಕೌಬಾಯ್‌ಗಳಲ್ಲಿ ಕಪ್ಪು ಜನರು, ಮೆಕ್ಸಿಕೋ ಮೂಲದವರು ಬಹಳ ಇದ್ದರು. ಕಪ್ಪು ಜನರೇ ನಾಲ್ವರಲ್ಲಿ ಒಬ್ಬರಷ್ಟು ಇದ್ದಿರಬಹುದು ಅಂತ ಇತಿಹಾಸಕಾರರ ಅಂದಾಜು. ತೆರೆಯ ಮೇಲೆ ಹೆಚ್ಚಾಗಿ ಬಿಳಿಯರೇ. ಮೂಲನಿವಾಸಿಗಳ ಪಾತ್ರವನ್ನೂ ಎಷ್ಟೋ ಸಲ ಬಿಳಿ ನಟರು ಬಣ್ಣ ಬಳಿದುಕೊಂಡು ಮಾಡುತ್ತಿದ್ದರು. ಲೋನ್ ರೇಂಜರ್‌ನ ಜೊತೆಗಾರ ಟಾಂಟೊ ಆಗಿದ್ದ ಜೇ ಸಿಲ್ವರ್‌ಹೀಲ್ಸ್ ನಿಜವಾದ ಮೋಹಾಕ್ ಸಮುದಾಯದವರು, ಅಂಥವರು ಅಪರೂಪ. ಗನ್‌ಸ್ಮೋಕ್ ಬೇರೆ ಸೀರಿಯಲ್ಲುಗಳಿಗಿಂತ ಮೂಲನಿವಾಸಿಗಳಿಗೆ ಆದ ಅನ್ಯಾಯದ ಕಥೆ ಸ್ವಲ್ಪ ಜಾಸ್ತಿಯೇ ಹೇಳಿತು, ಆದರೆ ಅದರಲ್ಲೂ ಅರ್ಧ ಕೊಮಾಂಚಿ (ಒಂದು ಮೂಲನಿವಾಸಿ ಸಮುದಾಯ) ಕಮ್ಮಾರನ ಪಾತ್ರಕ್ಕೆ ಬಂದವರು ಆಗಿನ್ನೂ ಹೆಸರು ಮಾಡದ ಬಿಳಿ ನಟ ಬರ್ಟ್ ರೆನಾಲ್ಡ್ಸ್.

ಡಾಡ್ಜ್ ಬಿಟ್ಟ ಮೇಲೆ

ಆರ್ನೆಸ್ ಸುಮ್ಮನೆ ಕೂರಲಿಲ್ಲ. 1976ರಿಂದ 1979ರವರೆಗೆ ಇನ್ನೊಂದು ವೆಸ್ಟರ್ನ್ ಸರಣಿಯಲ್ಲಿ ಬೆಟ್ಟದ ಬೇಟೆಗಾರನಾಗಿ ಬಂದರು, ಗಡ್ಡ ಮೀಸೆ ಬಿಟ್ಟು. ಅಮೆರಿಕಕ್ಕಿಂತ ಯೂರೋಪಿನಲ್ಲಿ ಅದು ಜಾಸ್ತಿ ಓಡಿತು. ಫ್ರಾನ್ಸ್‌ನಲ್ಲಿ ಅವರನ್ನು ಇವತ್ತಿಗೂ ಡಿಲನ್ ಅಂತ ಅಲ್ಲ, ಝೆಬ್ ಮಕಾಹಾನ್ ಅಂತ ನೆನೆಯುವವರಿದ್ದಾರೆ. 1981ರಲ್ಲಿ ಈಗಿನ ಕಾಲದ ಪೊಲೀಸ್ ಪಾತ್ರವನ್ನೂ ಮಾಡಿದರು, ಒಂದೇ ಸೀಸನ್. 1987ರಿಂದ 1994ರ ನಡುವೆ ವಯಸ್ಸಾದ ಮ್ಯಾಟ್ ಡಿಲನ್ ಆಗಿ ಐದು ಟೀವಿ ಸಿನಿಮಾ.

ಸಂದರ್ಶನ ಕೊಡುವುದು ಅವರಿಗೆ ಆಗುತ್ತಿರಲಿಲ್ಲ, ಪಾರ್ಟಿಗಳಿಗೂ ಹೋಗುತ್ತಿರಲಿಲ್ಲ. ಬಿಡುವು ಸಿಕ್ಕರೆ ಸಮುದ್ರ, ಇಲ್ಲದಿದ್ದರೆ ವಿಮಾನ ಹಾರಿಸುವುದು. ನೋಯುವ ಕಾಲಿಟ್ಟುಕೊಂಡೇ ಅಲೆಗಳ ಮೇಲೆ ಸರ್ಫಿಂಗ್ ಮಾಡುತ್ತಿದ್ದರು. ಮಗ ರೋಲ್ಫ್ ಅಂತೂ 1970ರಲ್ಲಿ ಸರ್ಫಿಂಗ್ ವಿಶ್ವ ಚಾಂಪಿಯನ್ ಆದರು. ಟೀವಿಯ ದೊಡ್ಡ ಪ್ರಶಸ್ತಿ ಎಮ್ಮಿಗೆ ಆರ್ನೆಸ್ ಹೆಸರು ಹೋಗಿತ್ತು, ಬರಲಿಲ್ಲ. ಜೊತೆಯ ವೀವರ್‌ಗೆ ಬಂತು, ಸ್ಟೋನ್‌ಗೆ ಬಂತು. ಸಾಯುವ ಮುಂಚೆ ಅಭಿಮಾನಿಗಳಿಗೆ ಒಂದು ಪತ್ರ ಬರೆದು, ನಾನು ಹೋದ ಮೇಲೆ ಹಾಕಿ ಅಂತ ಇಟ್ಟಿದ್ದರು. ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ಥ್ಯಾಂಕ್ಸ್ ಅನ್ನುವುದೇ ಅದರ ಸಾರ.

ನೋಡಬೇಕು ಅನ್ನಿಸಿದರೆ

635 ಕಂತು ನೋಡುವ ಅಗತ್ಯ ಯಾರಿಗೂ ಇಲ್ಲ. 1955ರಿಂದ 1961ರವರೆಗಿನ ಅರ್ಧ ಗಂಟೆಯ ಕಪ್ಪು ಬಿಳುಪು ಕಂತುಗಳಿಂದ ಶುರು ಮಾಡಿ, ಅವು ಒಟ್ಟು 233. ಕಥೆ ಬಿಗಿಯಾಗಿದೆ, ಆರ್ನೆಸ್ ಜಾಸ್ತಿ ಕಾಣುತ್ತಾರೆ, ಮೆಸ್ಟನ್ ಬರವಣಿಗೆ ಬಹಳ ಇದೆ. ಇವೇ ಕಂತುಗಳು ಮಾರ್ಷಲ್ ಡಿಲನ್ ಅನ್ನುವ ಬೇರೆ ಹೆಸರಲ್ಲೂ ಮರುಪ್ರಸಾರ ಆಗಿದ್ದವು, ಹೆಸರು ನೋಡಿ ಬೇರೆ ಸೀರಿಯಲ್ ಅಂದುಕೊಳ್ಳಬೇಡಿ. 1961ರಿಂದ ಒಂದು ಗಂಟೆಯ ಕಂತುಗಳು, 1966ರಿಂದ ಬಣ್ಣದವು. ಬಣ್ಣ ಬಂದ ಮೇಲಿನ ಎಷ್ಟೋ ಕಂತುಗಳಲ್ಲಿ ಆ ವಾರದ ಅತಿಥಿ ನಟರದ್ದೇ ಕಥೆ, ಡಿಲನ್ ಶುರುವಿನಲ್ಲೊಮ್ಮೆ ಕೊನೆಯಲ್ಲೊಮ್ಮೆ ಬಂದು ಹೋಗುತ್ತಾನೆ. ಅವನಿಗಾಗಿಯೇ ಕೂತವರಿಗೆ ಸ್ವಲ್ಪ ಬೇಜಾರಾಗಬಹುದು.

ಟೀವಿ ಸಿನಿಮಾಗಳಲ್ಲಿ 1987ರದ್ದು ಮೊದಲು ನೋಡಿ, ಅದರಲ್ಲಿ ಕಿಟ್ಟಿಯಾಗಿ ಅಮಾಂಡಾ ಬ್ಲೇಕ್ ಇದ್ದಾರೆ. 1990ರ ಎರಡನೇ ಸಿನಿಮಾಕ್ಕೆ ಮುಂಚೆ 1973ರ ಒಂದು ಕಂತು ಹುಡುಕಿಕೊಳ್ಳಿ. ಡಿಲನ್ ನೆನಪು ಕಳೆದುಕೊಂಡು ಮೈಕ್ ಅನ್ನುವ ವಿಧವೆಯ ಮನೆಯಲ್ಲಿ ಉಳಿಯುತ್ತಾನಲ್ಲ, ಅದು. ಆ ಪಾತ್ರ ಮಾಡಿದ ಮೈಕಲ್ ಲರ್ನೆಡ್ ಸಿನಿಮಾದಲ್ಲಿ ಮತ್ತೆ ಬಂದು ಅವನಿಗೊಬ್ಬಳು ಬೆಳೆದ ಮಗಳಿದ್ದಾಳೆ ಅಂತ ಹೇಳುತ್ತಾರೆ. ಹಳೆಯ ಕಂತು ನೋಡಿರದಿದ್ದರೆ ಆ ಮಗಳು ಎಲ್ಲಿಂದ ಬಂದಳು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.